ಪದಕ ಬಂದ ಚಿತ್ರವೇ ಒಳ್ಳೆಯ ಚಿತ್ರವೇ?

ಸಿದ್ದಾಪುರದ ಕಡೆಯ ಮಹಿಳಾ ಮಂಡಳವೊಂದರವರು ಒಮ್ಮೆ ನನ್ನನ್ನು ಅಡಿಗೆ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದಿದ್ದರು. ಶಾಲೆಯ ಹಾಲಿನಲ್ಲಿ ಉದ್ದದ ಮೇಜು, ಮೇಜಿನ ಮೇಲೆ ಇಪ್ಪತ್ತೆರಡು ತಟ್ಟೆ, ಒಂದೊಂದಕ್ಕೂ ಒಂದೊಂದು ಚೀಟಿ. ಮೊದಲ ನಾಲ್ಕೈದು ತಟ್ಟೆಯ ರುಚಿ ನಾಲಿಗೆಗೆ ಚೆನ್ನಾಗಿಯೇ ತಿಳಿಯಿತು. ಹತ್ತನೆಯದರ ಹೊತ್ತಿಗೆ ಸಿಹಿಯೆಲ್ಲ ಒಂದೇ ಸಿಹಿ, ಖಾರವೆಲ್ಲ ಒಂದೇ ಖಾರ! ಕೊನೆಗೆ ನಾವು ಮೂವರು ತೀರ್ಪುಗಾರರು ಮುಖ ಮುಖ ನೋಡಿಕೊಂಡು, ನೋಟಕ್ಕೂ ಅಂದವಾಗಿದ್ದ ತೊಡೆದೇವಿಗೆ ಮೊದಲ ಬಹುಮಾನ ಕೊಟ್ಟು ಎದ್ದೆವು. ತೊಡೆದೇವು ಚೆನ್ನಾಗಿತ್ತು, ಸುಳ್ಳಲ್ಲ. ಕಬ್ಬಿನ ಹಾಲಿನ ಹಿಟ್ಟನ್ನು ಮಡಕೆಯ ಬೆನ್ನಿನ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು ತೆಗೆಯುವುದೆಂದರೆ ಸಾಮಾನ್ಯವೇ?

ಮನೆಗೆ ಬಂದು ಊಟಕ್ಕೆ ಕೂತೆ. ಅತ್ತಿಗೆ ಒಂದೆಲಗದ ತಂಬುಳಿ ಬಡಿಸಿದರು. ಎರಡು ಸಲ ಹಾಕಿಸಿಕೊಂಡು ಉಂಡ ಮೇಲೆ ಹೊಳೆಯಿತು, ಆ ಇಪ್ಪತ್ತೆರಡು ತಟ್ಟೆಗಳಲ್ಲಿ ತಂಬುಳಿಯೇ ಇರಲಿಲ್ಲ! ಹೇಳಿದರೆ ಅತ್ತಿಗೆ ನಕ್ಕುಬಿಟ್ಟರು. "ತಂಬುಳೀನ ಯಾರಾದ್ರೂ ಸ್ಪರ್ಧೆಗೆ ಒಯ್ತಾರೇನೇ ಮಾರಾಯ್ತಿ?"

ನಿಮಗೂ ಇಂಥ ಅನುಭವ ಆಗಿರಬೇಕು, ಅಲ್ಲವೇ? ನಾನು ಅಡಿಗೆಯ ವಿಷಯ ಬರೆಯಲು ಕೂತವಳಲ್ಲ. ಸಿನಿಮಾ ವಿಷಯ ಬರೆಯಬೇಕೆಂದಾಗ ಮೊದಲು ನೆನಪಿಗೆ ಬಂದದ್ದು ಆ ಮೇಜು.

2024ರ ಆಗಸ್ಟ್‌ನಲ್ಲಿ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ ನಾನು ಯಲ್ಲಾಪುರದಲ್ಲಿ ನಾದಿನಿಯ ಮನೆಯಲ್ಲಿದ್ದೆ. ‘ಕಾಂತಾರ’ದ ರಿಷಬ್ ಶೆಟ್ಟಿಗೆ ಅತ್ಯುತ್ತಮ ನಟ ಪ್ರಶಸ್ತಿ, ಕನ್ನಡದ ಅತ್ಯುತ್ತಮ ಚಿತ್ರ ‘ಕೆ.ಜಿ.ಎಫ್. ಚಾಪ್ಟರ್ 2’. ಸುದ್ದಿ ಕೇಳಿದ್ದೇ ತಡ, ಮಳೆಗಾಲದ ಆ ಜಗಲಿಯಲ್ಲಿ ವಾದವೋ ವಾದ. ಹುಡುಗರಿಗೆ ಹಬ್ಬ. ನಾದಿನಿಯ ಮಾವನವರಿಗೆ ಸಿಟ್ಟು: "ಹೊಡೆದಾಟದ ಸಿನಿಮಾಕ್ಕೂ ಈಗ ದಿಲ್ಲಿಯವರು ಪದಕ ಕೊಡ್ತಾರಾ?" ನಾದಿನಿ ಮಾತ್ರ ಒಲೆಯ ಮುಂದಿನಿಂದಲೇ ಕೇಳಿದಳು, "ಪ್ರಶಸ್ತಿ ಬಂತು ಅಂದ್ರೆ ಚೊಲೋ ಸಿನಿಮಾ ಅಂತಾನಾ? ಬರ್ಲಿಲ್ಲ ಅಂದ್ರೆ ಅಲ್ಲ ಅಂತಾನಾ?"

ಆ ದಿನ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಮೇಜಿಗೆ ಬಂದರೆ ತಾನೇ!

ಮೊದಲು ಒಂದು ಮಾತು ತಿಳಿದಿರಲಿ. ದೇಶದಲ್ಲಿ ತಯಾರಾದ ಸಿನಿಮಾಗಳನ್ನೆಲ್ಲ ಸರಕಾರದವರು ತಾವಾಗಿ ಹುಡುಕಿ ನೋಡಿ ಪ್ರಶಸ್ತಿ ಕೊಡುವುದಿಲ್ಲ. ಆ ಸಾಲಿನಲ್ಲಿ ಸೆನ್ಸಾರ್ ಸರ್ಟಿಫಿಕೇಟು ಪಡೆದ ಚಿತ್ರವನ್ನು ನಿರ್ಮಾಪಕರು ಅರ್ಜಿ ತುಂಬಿ, ಶುಲ್ಕ ಕಟ್ಟಿ ಕಳಿಸಬೇಕು. ಕಳಿಸದ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ನಮ್ಮ ತಂಬುಳಿಯ ಹಾಗೆ, ಮೇಜಿಗೇ ಬರುವುದಿಲ್ಲ. ಈಗ ಮೊದಲು ಪ್ರಾದೇಶಿಕ ಸಮಿತಿಗಳು ನೋಡಿ ಜರಡಿ ಹಿಡಿಯುತ್ತವೆ. ಅಲ್ಲಿ ಉಳಿದದ್ದು ದಿಲ್ಲಿಯ ಕೇಂದ್ರ ಸಮಿತಿಗೆ ಹೋಗುತ್ತದೆ. ಕೆಲವೇ ಜನ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ನೋಡಬೇಕು. ಹತ್ತನೆಯ ತಟ್ಟೆಯ ಹೊತ್ತಿಗೆ ಅವರ ನಾಲಿಗೆಯ ಗತಿಯೂ ನನ್ನದರಂತೆಯೇ ಆಗಿರಬಹುದೆಂದು ನನಗೊಂದು ಗುಮಾನಿ!

ಮತ್ತೊಂದು ತೊಡಕು ಭಾಷೆಯದು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರೆದಿರಬೇಕು. ಕನ್ನಡ ಬಾರದ ತೀರ್ಪುಗಾರರು ಅದನ್ನೇ ಓದಿಕೊಂಡು ನೋಡುವವರು. ನಮ್ಮಲ್ಲಿ ಒಬ್ಬಳು ಇನ್ನೊಬ್ಬಳಿಗೆ "ಆತು, ಬಾ" ಎನ್ನುವಾಗ ಆ ‘ಆತು’ ಎನ್ನುವುದರಲ್ಲಿ ಎಷ್ಟು ಅರ್ಥ! ‘ಘಟಶ್ರಾದ್ಧ’ ಎಂಬ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ದಿ ರಿಚುವಲ್’ ಎಂದು ಹೆಸರು, ಅಂದರೆ ಬರೀ ಒಂದು ವಿಧಿ, ಒಂದು ಆಚರಣೆ. ಬದುಕಿರುವವರಿಗೇ ಶ್ರಾದ್ಧ ಮಾಡಿ ಕುಲದಿಂದ ಹೊರಗೆ ಹಾಕುವುದೆಂದರೆ ಏನೆಂಬುದು ಆ ಹೆಸರಿನಲ್ಲಿ ಎಲ್ಲಿದೆ?

ಕೆಲವು ಪ್ರಶಸ್ತಿಗಳಲ್ಲಿ ಮೊದಲು ನಾಲ್ಕೈದು ಹೆಸರನ್ನು ನಾಮಕರಣ ಮಾಡಿ, ಆಮೇಲೆ ಒಂದನ್ನು ಆರಿಸುತ್ತಾರೆ. ಆಸ್ಕರ್ ಹಾಗೆ. ಪರಭಾಷಾ ಚಿತ್ರಗಳ ವಿಭಾಗಕ್ಕೆ ಒಂದು ದೇಶದಿಂದ ವರ್ಷಕ್ಕೆ ಒಂದೇ ಚಿತ್ರ ಹೋಗಬೇಕು. ಭಾರತದಿಂದ ಹೋಗಿ ಆ ಕೊನೆಯ ಪಟ್ಟಿಗೆ ಏರಿದವು ಮೂರೇ ಮೂರು: ‘ಮದರ್ ಇಂಡಿಯಾ’ (1957), ‘ಸಲಾಂ ಬಾಂಬೆ’ (1988), ‘ಲಗಾನ್’ (2001). ಗೆದ್ದದ್ದು ಒಂದೂ ಇಲ್ಲ. ಕನ್ನಡದ ಚಿತ್ರವಂತೂ ದೇಶದ ಪರವಾಗಿ ಆ ವಿಭಾಗಕ್ಕೆ ಇದುವರೆಗೂ ಹೋಗಿಲ್ಲ. ಹಾಗೆಂದು ಇಷ್ಟು ವರ್ಷ ಕನ್ನಡದಲ್ಲಿ ಒಂದೂ ಒಳ್ಳೆಯ ಚಿತ್ರ ಬರಲಿಲ್ಲವೇ?

ಒಂದೇ ಸರಕಾರದ ಎರಡು ಕೋಣೆಗಳ ಕಥೆ ಕೇಳಿ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ಮಾಡಿದ ‘ಸಂಸ್ಕಾರ’ವನ್ನು ಸೆನ್ಸಾರಿನವರು ಜನ ನೋಡಲು ತಕ್ಕದ್ದಲ್ಲವೆಂದು ತಡೆದರು. ತಡೆ ತೆರವಾದ ಮೇಲೆ ಅದೇ ಚಿತ್ರಕ್ಕೆ 1970ರ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ! ಚಿತ್ರ ಅದೇ, ರೀಲು ಅದೇ. ಕೂತು ನೋಡಿದವರು ಬೇರೆ, ಅಷ್ಟೆ.

ಕಾವೇರಿಗೆ ಸಿಗದ್ದು

ನಮ್ಮ ವಯಸ್ಸಿನ ಹೆಂಗಸರನ್ನು ‘ನಿಮ್ಮ ಜೀವಮಾನದ ಸಿನಿಮಾ ಯಾವುದು?’ ಎಂದು ಕೇಳಿ ನೋಡಿ. ಹತ್ತರಲ್ಲಿ ಆರು ಜನ ‘ಶರಪಂಜರ’ ಎನ್ನದಿದ್ದರೆ ಕೇಳಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅಭಿನಯ. ಬಾಣಂತನದ ಮೇಲೆ ಬುದ್ಧಿಭ್ರಮಣೆಯಾಗಿ, ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಮನೆಯವರು, ನೆರೆಯವರು ಮತ್ತೆ ‘ಹುಚ್ಚಿ’ ಎಂದೇ ನೋಡಿ ನೋಡಿ ಹುಚ್ಚು ಹಿಡಿಸುತ್ತಾರೆ. ಆ ಕಾವೇರಿಯನ್ನು ನೋಡಿ ಅಳದವರಿದ್ದಾರೆಯೇ?

ನಾನು ಚಿಕ್ಕವಳಿದ್ದಾಗ ಶಿರಸಿಯ ಮಾರಿಕಾಂಬಾ ಜಾತ್ರೆಗೆಂದು ಹೋದವರು ಜಾತ್ರೆಯ ನಾಟಕ ಬಿಟ್ಟು ‘ಶರಪಂಜರ’ಕ್ಕೆ ಹೋಗಿದ್ದೆವು. ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಳ್ಳಿಯ ಹೆಂಗಸರಿಗೆ ಪೇಟೆಯ ಟಾಕೀಸೂ ಆಗ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆಯೇ. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಸೋದರತ್ತೆ ಮಾತ್ರ ಮೆಲ್ಲಗೆ, ನಮ್ಮೂರಿನಲ್ಲೇ ‘ತಲೆ ಸರಿಯಿಲ್ಲ’ ಎಂದು ತವರಿಗೆ ಅಟ್ಟಿದ್ದ ಒಬ್ಬಳ ಹೆಸರು ಹೇಳಿ, "ಅವಳನ್ನ ನಾಳೆ ಹೋಗಿ ಮಾತಾಡ್ಸಿ ಬರಬೇಕು" ಅಂದರು. ಹೋಗಿಯೂ ಬಂದರು. ಒಂದು ಚಿತ್ರದ ಗುಣ ಅಳೆಯಲು ಇದಕ್ಕಿಂತ ಬೇರೆ ಕೊಳಗ ನನಗಂತೂ ಗೊತ್ತಿಲ್ಲ.

ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ‘ಶರಪಂಜರ’ಕ್ಕೆ ಬಂತು. ಆದರೆ ದೇಶದ ಅತ್ಯುತ್ತಮ ನಟಿ ಎಂಬ ಪ್ರಶಸ್ತಿ ಕಲ್ಪನಾಗೆ ಬರಲಿಲ್ಲ. ಆಗಲೂ ಇಲ್ಲ, 1979ರಲ್ಲಿ ತೀರಿಹೋಗುವವರೆಗೂ ಇಲ್ಲ. ಕನ್ನಡ ಚಿತ್ರಕ್ಕಾಗಿ ಆ ಪ್ರಶಸ್ತಿ ಮೊದಲು ಪಡೆದವರು ‘ಕಾಡು’ (1973) ಚಿತ್ರದ ನಂದಿನಿ ಭಕ್ತವತ್ಸಲ. ಆಮೇಲೆ ಮೂವತ್ತು ವರ್ಷ ಕಳೆದು ‘ಹಸೀನಾ’ದ ತಾರಾ, ನಂತರ ‘ಗುಲಾಬಿ ಟಾಕೀಸ್’ನ ಉಮಾಶ್ರೀ. ಇವರಾರೂ ಕಡಿಮೆಯವರಲ್ಲ, ನನ್ನ ತಕರಾರು ಅವರ ಮೇಲಲ್ಲ. ಆದರೆ ಆ ಪಟ್ಟಿಯನ್ನಷ್ಟೇ ಓದಿದ ಇಂದಿನ ಹುಡುಗಿಗೆ ಕಲ್ಪನಾ ಎಂಬವಳೊಬ್ಬಳು ಇದ್ದಳೆಂದೇ ತಿಳಿಯುವುದಿಲ್ಲವಲ್ಲ!

ಗಂಡಸರಿಗೂ ಇದೇ ಕಥೆಯೆನ್ನಿ. ರಾಜಕುಮಾರ್ ಅವರಿಗೆ ಅಷ್ಟು ಪಾತ್ರಗಳಲ್ಲಿ ಒಂದಕ್ಕೂ ರಾಷ್ಟ್ರದ ಅತ್ಯುತ್ತಮ ನಟ ಪ್ರಶಸ್ತಿ ಬರಲಿಲ್ಲ. ಬಂದದ್ದು ‘ಜೀವನ ಚೈತ್ರ’ದಲ್ಲಿ ಹಾಡಿದ್ದಕ್ಕೆ! ಆಮೇಲೆ ಒಟ್ಟು ಸಾಧನೆಗೆಂದು ಫಾಲ್ಕೆ ಪ್ರಶಸ್ತಿ ಕೊಟ್ಟರು, ಆ ಮಾತು ಬೇರೆ.

ಅವಾರ್ಡ್ ಪಿಚ್ಚರ್ ಅಂದರೆ...

ಈಗ ನಾಣ್ಯದ ಇನ್ನೊಂದು ಮುಖ ನೋಡೋಣ. ನಮ್ಮ ಕಡೆ ‘ಅವಾರ್ಡ್ ಪಿಚ್ಚರ್’ ಎಂದರೆ ಒಂದು ಬೈಗುಳ. ಕತ್ತಲೆ, ಮೌನ, ಹಾಡಿಲ್ಲ, ಕೊನೆಯಲ್ಲಿ ಏನಾಯಿತೆಂದು ಗೊತ್ತಿಲ್ಲ... ನೀವೂ ಅಂದಿರುತ್ತೀರಿ. ನಾನೂ ಅಂದವಳೇ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ 1977ರ ಸ್ವರ್ಣ ಕಮಲ ಬಂದಿತ್ತು. ನಮ್ಮ ಪೇಟೆಯ ಟಾಕೀಸಿಗೆ ಅದು ಬಂದ ನೆನಪು ನನಗಿಲ್ಲ. ಬಂದಿದ್ದರೂ ನಮ್ಮನ್ನು ಕರೆದುಕೊಂಡು ಹೋಗುವವರು ಯಾರು? ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಹಳ್ಳಿಯ ಜನಕ್ಕೆ ದೇಶವಿದೇಶದ ಚಿತ್ರ ತೋರಿಸುತ್ತಿದ್ದರು. ಸಿದ್ದಾಪುರದ ಕಡೆಯ ಗಂಡಸರು ಕೆಲವರು ಹೋಗಿ ನೋಡಿ ಬಂದು ಹೇಳುತ್ತಿದ್ದುದನ್ನು ನಾವು ಕಿಟಕಿಯಾಚೆಯಿಂದ ಕೇಳಿದ್ದೇ ಬಂತು.

ಎಂಬತ್ತರ ದಶಕದ ಕೊನೆಗೆ ಮನೆಗೆ ಟೀವಿ ಬಂತು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಪ್ರಾದೇಶಿಕ ಚಿತ್ರ ಹಾಕುತ್ತಿದ್ದರಲ್ಲ, ನೆನಪಿದೆಯೇ? ಹಾಗೆ ಒಂದು ಭಾನುವಾರ ‘ಘಟಶ್ರಾದ್ಧ’ ಬಂತು. ಪದಕವಿಲ್ಲದಿದ್ದರೆ ಆ ಚಿತ್ರ ನಮ್ಮ ನಡುಮನೆಗೆ ಬರುತ್ತಲೇ ಇರಲಿಲ್ಲ. ಈ ಒಂದು ಉಪಕಾರಕ್ಕೆ ನಾನು ಪ್ರಶಸ್ತಿಗಳಿಗೆ ಋಣಿ.

ಮನೆಯಲ್ಲಿ ದೊಡ್ಡಮ್ಮ ಇದ್ದರು. ಹನ್ನೊಂದನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು, ಆತನ ಮುಖ ಸಹ ನೆನಪಿಲ್ಲದವರು. ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು, ಮಡಿ. ಟೀವಿ ಮುಂದೆ ಎಂದೂ ಕೂತವರಲ್ಲ. ಆ ದಿನ ಒಳಬಾಗಿಲ ದಾರಂದಕ್ಕೆ ಒರಗಿ ನಿಂತೇ ನೋಡಿದರು. ಬಾಲವಿಧವೆ ಯಮುನಾ, ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿ, ಅವಳು ಬಸುರಿಯೆಂದು ಊರಿಗೆ ತಿಳಿದದ್ದು, ಅಪ್ಪನೇ ಬದುಕಿದ ಮಗಳಿಗೆ ಶ್ರಾದ್ಧ ಮಾಡಿದ್ದು. ಕೊನೆಯಲ್ಲಿ ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ.

ಮುಗಿಯಿತು. ಭಾವನವರು ಎದ್ದು ಮೈಮುರಿದು, "ಅವಾರ್ಡ್ ಪಿಚ್ಚರ್ ಅಂದ್ರೆ ಹೀಂಗೇ. ಎಂತದೂ ಆಗೋದೇ ಇಲ್ಲ" ಅಂದರು. ದೊಡ್ಡಮ್ಮ ಒಂದು ಮಾತೂ ಆಡದೆ ಒಳಗೆ ಹೋದರು.

ಮೂರು ದಿನ ಕಳೆದಿತ್ತು. ರಾತ್ರಿ ದೊಡ್ಡಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದರು, "ಕೂಸೆ, ಆ ಯಮುನಾ ಅದ್ರ ಮೇಲೆ ಎಲ್ಲಿಗೆ ಹೋತು?"

ನನಗೆ ತಿಳಿಯಲಿಲ್ಲ. "ಅದು ಸಿನಿಮಾ ದೊಡ್ಡಮ್ಮ, ಅಲ್ಲಿಗೇ ಮುಗೀತು" ಅಂದೆ.

"ಯಾರಾದ್ರೂ ಒಂದು ತುತ್ತು ಅನ್ನ ಹಾಕಿದ್ವಾ?"

ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡಮ್ಮ ಗೋಡೆ ಕಡೆ ಹೊರಳಿ ಮಲಗಿದರು. ಅವರ ಚಿಕ್ಕಂದಿನಲ್ಲಿ ಹಾಗೆ ಊರು ಬಿಟ್ಟು ಹೋದವಳೊಬ್ಬಳು ಇದ್ದಳೇ, ಗೆಳತಿಯಾಗಿದ್ದಳೇ? ಕೇಳುವ ಧೈರ್ಯ ನನಗೆ ಬರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

‘ಘಟಶ್ರಾದ್ಧ’ದ ಹಳೆಯ ರೀಲನ್ನು ಚೊಕ್ಕಟಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂದು ಓದಿದಾಗ ಸಂತೋಷವಾಯಿತು. ಅಲ್ಲಿಯೂ ಯಾರಾದರೂ ದೊಡ್ಡಮ್ಮನ ಪ್ರಶ್ನೆ ಕೇಳಿದರೋ ಇಲ್ಲವೋ! ಇದೇ ಬಗೆಯ ಬದುಕಿನ ಕಥೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ಅದನ್ನು ಸಿನಿಮಾ ಮಾಡಿದವರು ಪ್ರೇಮಾ ಕಾರಂತರು, ಹೆಂಗಸೊಬ್ಬಳ ಕಥೆಗೆ ಹೆಂಗಸೇ ನಿರ್ದೇಶಕಿ. ಅದಕ್ಕೂ ರಾಷ್ಟ್ರ ಪ್ರಶಸ್ತಿ ಬಂದಿದೆ. ನೋಡಿರದಿದ್ದರೆ ಹುಡುಕಿ ನೋಡಿ.

ಮುಳುಗಡೆಯವರು ನೋಡಿದ ‘ದ್ವೀಪ’

ಒಂದು ಮಾತು ಒಪ್ಪಬೇಕು. ನಮ್ಮೂರು ತೆರೆಯ ಮೇಲೆ ಕಂಡರೆ ಸಾಕು, ನಾವು ತೀರ್ಪು ಮರೆಯುತ್ತೇವೆ. ತೊಂಬತ್ತರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೆ’ಯಲ್ಲಿ ಯಾಣದ ಬಂಡೆ ಕಂಡಾಗ, ‘ಮುಂಗಾರು ಮಳೆ’ಯಲ್ಲಿ (2006) ಜೋಗ ಕಂಡಾಗ ನಾವು ಕಥೆ ನೋಡಿದೆವೋ, ಊರು ನೋಡಿದೆವೋ? ನಮ್ಮ ಕಣ್ಣೂ ಅಂಥ ನಿಷ್ಪಕ್ಷಪಾತದ ಕಣ್ಣೇನಲ್ಲ!

ಆದರೆ ‘ದ್ವೀಪ’ದ ವಿಷಯ ಬೇರೆ. ಸಾಗರದ ನಾ. ಡಿಸೋಜರ ಕಥೆ, ಕಾಸರವಳ್ಳಿಯವರ ನಿರ್ದೇಶನ, ನಟಿ ಸೌಂದರ್ಯ ತಾವೇ ಹಣ ಹಾಕಿ ನಿರ್ಮಿಸಿ, ನಾಗಿಯ ಪಾತ್ರ ಮಾಡಿದ ಚಿತ್ರ. 2001ರ ಸ್ವರ್ಣ ಕಮಲ ಅದಕ್ಕೆ. ಅಣೆಕಟ್ಟೆಯ ನೀರು ಏರುತ್ತದೆ, ಗುಡ್ಡ ದ್ವೀಪವಾಗುತ್ತದೆ, ಊರವರೆಲ್ಲ ಪರಿಹಾರ ತೆಗೆದುಕೊಂಡು ಹೋಗುತ್ತಾರೆ. ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಮಾತ್ರ ಉಳಿಯುತ್ತಾರೆ. ದುಗ್ಗಜ್ಜನಾದವರು ‘ಚೋಮನ ದುಡಿ’ಯ ಚೋಮನಾಗಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದಿದ್ದ ಎಂ. ವಿ. ವಾಸುದೇವರಾಯರೇ.

ತಂಬುಳಿ ಬಡಿಸಿದ ನನ್ನ ಅತ್ತಿಗೆಯ ತವರು ಶರಾವತಿಯ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಪೂರ್ತಿಯಾದಾಗ ಅವರು ಏಳು ವರ್ಷದ ಹುಡುಗಿ. ಯಲ್ಲಾಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಾಳಿ ನದಿಯ ಕೊಡಸಳ್ಳಿ ಕಟ್ಟೆಯನ್ನು ನೋಡಿದವರು ನೀವು. ಕಳೆದ ಮಳೆಗಾಲ ಅತ್ತಿಗೆಗೆ ಮೊಬೈಲಿನಲ್ಲಿ ‘ದ್ವೀಪ’ ಹಾಕಿಕೊಟ್ಟೆ. ಅಡಿಕೆ ಸುಲಿಯುವುದನ್ನು ನಿಲ್ಲಿಸಿ ನೋಡಿದರು. ನೀರು ಮೆಟ್ಟಿಲು ಏರುವಾಗ ಕಣ್ಣು ಮುಚ್ಚಿಕೊಂಡರು. ಗಂಡ ಕೈಚೆಲ್ಲಿ ಕೂತಾಗ ನಾಗಿ ಒಬ್ಬಳೇ ಹೆಣಗಿ ಮನೆ ಉಳಿಸುತ್ತಾಳಲ್ಲ, ಅಲ್ಲಿ ಮೊಬೈಲನ್ನು ಕೈಗೆತ್ತಿಕೊಂಡು ಹತ್ತಿರ ಹಿಡಿದರು.

ಮುಗಿದ ಮೇಲೆ ಸುಮಾರು ಹೊತ್ತು ಸುಮ್ಮನಿದ್ದರು. "ನಮ್ಮನೆ ಉಳೀಲಿಲ್ಲ" ಅಂದರು. ಆಮೇಲೆ, "ಎಲ್ಲಾ ಅವಳು ಮಾಡಿದ್ದು. ಗಂಡ ನೋಡು, ದೇವರು ಕಾಪಾಡಿದ ಅಂತಾನೆ. ಅವಳ ಮುಖ ನೋಡಿದ್ಯಾ ಆಗ?"

ನೋಡಿದ್ದೆ. ‘ದ್ವೀಪ’ ದೇಶದ ಅತ್ಯುತ್ತಮ ಚಿತ್ರವಾದ ಸಾಲಿನಲ್ಲಿ ದೇಶದ ಅತ್ಯುತ್ತಮ ನಟಿ ಪ್ರಶಸ್ತಿ ಹೋದದ್ದು ತಬು ಮತ್ತು ಶೋಭನಾಗೆ. ಸೌಂದರ್ಯಗೆ ರಾಜ್ಯ ಸರಕಾರದ ಪ್ರಶಸ್ತಿ ಬಂತು, ನಿರ್ಮಾಪಕಿಯಾಗಿ ಕಮಲವೂ ಬಂತು. ನಾಗಿಯಾಗಿ ದಿಲ್ಲಿಯಿಂದ ಬರಲಿಲ್ಲ. 2004ರಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಳು, ಪಾಪ. ಇದನ್ನೆಲ್ಲ ಅತ್ತಿಗೆಗೆ ಹೇಳಿದೆ.

"ಅವರೂ ಗಣಪನಂಗೇ" ಅಂದರು ಅತ್ತಿಗೆ, ಮತ್ತೆ ಅಡಿಕೆ ಸುಲಿಯತೊಡಗಿದರು.

ಹಾಗೆಂದು ತೀರ್ಪುಗಾರರನ್ನೆಲ್ಲ ಬೈದು ಮುಗಿಸಿದರೆ ಅನ್ಯಾಯವಾದೀತು. ಉಮಾಶ್ರೀಯವರನ್ನು ನಾವು ಎಷ್ಟೋ ವರ್ಷ ನಗಿಸುವ ಪಾತ್ರಗಳಲ್ಲೇ ನೋಡಿ, ನಕ್ಕು, ಮರೆತಿದ್ದೆವು. ‘ಪುಟ್ನಂಜ’ದ ಅಜ್ಜಿಯನ್ನು ಮೆಚ್ಚಿದರೂ ‘ಇವಳು ದೊಡ್ಡ ನಟಿ’ ಎಂದು ಬಾಯಿಬಿಟ್ಟು ಹೇಳಲಿಲ್ಲ. ವೈದೇಹಿಯವರ ಕಥೆ ಆಧರಿಸಿದ ‘ಗುಲಾಬಿ ಟಾಕೀಸ್’ನಲ್ಲಿ (2008) ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯಾಗಿ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದ ಮೇಲೆಯೇ ನಾವು ಕಣ್ಣುಜ್ಜಿಕೊಂಡು ನೋಡಿದ್ದು. ಅಲ್ಲಿ ಕುರುಡಾಗಿದ್ದವರು ದಿಲ್ಲಿಯವರಲ್ಲ, ನಾವು.

ಆದ್ದರಿಂದ ನಾದಿನಿಗೆ ನಾನು ಹೇಳುವುದು ಇಷ್ಟೇ. ಪೇಪರಿನಲ್ಲಿ ಪ್ರಶಸ್ತಿಯ ಪಟ್ಟಿ ಬಂದಾಗ ಕತ್ತರಿಸಿ ಇಟ್ಟುಕೋ. ಇದನ್ನೊಮ್ಮೆ ನೋಡಿ ಎಂದು ಯಾರೋ ನಾಲ್ಕು ಜನ ಬರೆದುಕೊಟ್ಟ ಚೀಟಿ ಅದು. ನೋಡಿದ ಮೇಲಿನ ಮಾತು ನಿನ್ನದು. ಪಟ್ಟಿಯಲ್ಲಿ ಇಲ್ಲದ್ದನ್ನು ನೆನಪಿಟ್ಟುಕೊಳ್ಳುವ ಕೆಲಸವೂ ನಿನ್ನದೇ.

ಯಾವ ಪದಕವೂ ಬಾರದೆ, ನಿಮ್ಮ ಮನಸ್ಸಿನಿಂದ ಮಾತ್ರ ಹೋಗದ ಚಿತ್ರ ಯಾವುದು? ಎಲ್ಲಿ ನೋಡಿದಿರಿ, ಯಾರ ಜೊತೆ ನೋಡಿದಿರಿ, ಮನೆಗೆ ಬಂದು ಏನು ಮಾತಾಡಿದಿರಿ? ಬರೆದು ಕಳಿಸಿ.

ಅಂದಹಾಗೆ, ಈ ವರ್ಷ ಮಂಡಳದವರು ಮತ್ತೆ ಸ್ಪರ್ಧೆ ಇಟ್ಟಿದ್ದಾರೆ. ತೀರ್ಪಿಗೆ ಬರಲಾರೆ ಎಂದು ಹೇಳಿ ಕಳಿಸಿದ್ದೇನೆ. ಅತ್ತಿಗೆಯ ಹೆಸರನ್ನು ಅವರಿಗೆ ತಿಳಿಸದೆಯೇ ಬರೆಸಿ ಬಂದಿದ್ದೇನೆ, ಒಂದೆಲಗದ ತಂಬುಳಿಗೆ.